ಅರ್ಧ ತಂಡವನ್ನು ಪೇಟೆಗೆ ಕಳುಹಿಸಿದ ಚಿತ್ರ: ‘ಫ್ರೈಡೇ ದಿ ಥರ್ಟೀನ್ತ್ ಪಾರ್ಟ್ 2’ರ ಕಥಾಹಂದರ ಮತ್ತು ಪಾತ್ರಗಳು

1980ರಲ್ಲಿ ತೆರೆಕಂಡ ‘ಫ್ರೈಡೇ ದಿ ಥರ್ಟೀನ್ತ್’ ಚಿತ್ರದ ಕೊನೆಯಲ್ಲಿ ಕೊಲೆಗಾರ್ತಿಯ ತಲೆಯೇ ಹಾರಿಹೋಗಿತ್ತು. ಸುಮಾರು ಐದೂವರೆ ಲಕ್ಷ ಡಾಲರಿನಲ್ಲಿ ತಯಾರಾದ ಆ ಚಿತ್ರ ಅಮೆರಿಕವೊಂದರಲ್ಲೇ ನಾಲ್ಕು ಕೋಟಿ ಡಾಲರಿನ ಹತ್ತಿರ ಹಣ ಬಾಚಿದ್ದರಿಂದ ಪ್ಯಾರಾಮೌಂಟ್ ಸಂಸ್ಥೆಗೆ ಎರಡನೆಯ ಭಾಗ ಬೇಕೇ ಬೇಕಾಯಿತು. ಆದರೆ ಮುಂದುವರಿಸಲು ಕಥೆಯಲ್ಲಿ ಉಳಿದಿದ್ದವಳು ಆಲಿಸ್ ಎಂಬ ಹುಡುಗಿ ಒಬ್ಬಳೇ. ಕೊಲೆಗಾರ್ತಿ ಪಮೇಲಾ ವೂರ್ಹೀಸ್ ಸತ್ತಿದ್ದಳು, ಅವಳು ಯಾರ ಸೇಡಿಗಾಗಿ ಅಷ್ಟೆಲ್ಲ ಕೊಲೆ ಮಾಡಿದ್ದಳೋ ಆ ಮಗ ಜೇಸನ್ 1957ರಲ್ಲೇ ಸರೋವರದಲ್ಲಿ ಮುಳುಗಿಹೋಗಿದ್ದ. 1981ರಲ್ಲಿ ನಿರ್ದೇಶಕ ಸ್ಟೀವ್ ಮೈನರ್ ಮತ್ತು ಚಿತ್ರಕಥೆಗಾರ ರಾನ್ ಕರ್ಜ್ ಸುಮಾರು ಹನ್ನೆರಡೂವರೆ ಲಕ್ಷ ಡಾಲರಿನಲ್ಲಿ, ಕನೆಕ್ಟಿಕಟ್ ರಾಜ್ಯದ ಸರೋವರವೊಂದರ ದಂಡೆಯಲ್ಲಿ, ಈ ತೊಡಕನ್ನು ಬಿಡಿಸಲು ಹೊರಟರು. ಕಥೆಯನ್ನು ಅವರು ಮೊದಲ ಚಿತ್ರದಿಂದಲೇ ಹೆಚ್ಚುಕಡಿಮೆ ಎತ್ತಿಕೊಂಡಿದ್ದಾರೆ, ಅದರಲ್ಲಿ ಮುಚ್ಚುಮರೆಯಿಲ್ಲ. ಆದರೆ ಯಾವ ಪಾತ್ರಕ್ಕೆ ಯಾವ ಕೆಲಸ ಎಂದು ಹಂಚಿದ ರೀತಿಯಲ್ಲಿ ಇದು ಮೊದಲ ಚಿತ್ರಕ್ಕಿಂತ ಜಾಣ ಚಿತ್ರ ಎಂಬುದು ನನ್ನ ಅಭಿಪ್ರಾಯ. ಈ ವಿಮರ್ಶೆಯಲ್ಲಿ ಕಥೆಯ ಎಲ್ಲ ಗುಟ್ಟುಗಳೂ ಬಯಲಾಗುತ್ತವೆ. ನಾಲ್ಕು ದಶಕ ದಾಟಿದ ಚಿತ್ರಕ್ಕೆ ಅಷ್ಟು ಸಲಿಗೆ ತೆಗೆದುಕೊಳ್ಳಬಹುದೆಂದು ಭಾವಿಸಿದ್ದೇನೆ.

ಮೊದಲ ಹೊಡೆತ ಬೀಳುವುದು ಆಲಿಸಳ ಮೇಲೆ. ಶೀರ್ಷಿಕೆ ಕಾಣಿಸಿಕೊಳ್ಳುವ ಮುನ್ನವೇ ಹತ್ತು ನಿಮಿಷಕ್ಕೂ ಮೀರಿದ ಪೀಠಿಕೆಯೊಂದಿದೆ. ಆಡ್ರಿಯನ್ ಕಿಂಗ್ ಅಭಿನಯಿಸಿದ ಈ ಹುಡುಗಿ ಮಲಗಿದಲ್ಲೇ ಹೊರಳಾಡುತ್ತ ಕಾಣುವ ಕೆಟ್ಟ ಕನಸಿನ ನೆಪದಲ್ಲಿ ಹಳೆಯ ಚಿತ್ರದ ತುಣುಕುಗಳು ಧಾರಾಳವಾಗಿ ತೆರೆಗೆ ಬರುತ್ತವೆ. ಇದು ಹಣ ಉಳಿಸುವ ಉಪಾಯವೆಂಬುದು ಯಾರಿಗಾದರೂ ತಿಳಿಯುತ್ತದೆ. ಹಾಗೆಯೇ ಮೊದಲ ಭಾಗವನ್ನು ನೋಡದವರಿಗೆ ಹಿಂದಿನ ಕಥೆಯನ್ನು ಒಪ್ಪಿಸುವ ಕೆಲಸವೂ ಅಲ್ಲೇ ಮುಗಿದುಹೋಗುತ್ತದೆ. ಆಮೇಲೆ ಅವಳು ಎದ್ದು ಫೋನಿನಲ್ಲಿ ತಾಯಿಯೊಡನೆ ಮಾತನಾಡುತ್ತಾಳೆ, ಸ್ನಾನ ಮಾಡುತ್ತಾಳೆ, ಕಿಟಕಿಯಿಂದ ಬೆಕ್ಕೊಂದು ಹಾರಿ ಬಂದು ಅವಳನ್ನೂ ನಮ್ಮನ್ನೂ ಬೆಚ್ಚಿಬೀಳಿಸುತ್ತದೆ, ಫ್ರಿಜ್ಜಿನ ಬಾಗಿಲು ತೆರೆದರೆ ಒಳಗೆ ಪಮೇಲಾಳ ಕತ್ತರಿಸಿದ ತಲೆ ಕುಳಿತಿರುತ್ತದೆ, ಅಷ್ಟರಲ್ಲಿ ಹಿಂದಿನಿಂದ ಬಂದ ಕೈಯೊಂದು ಐಸ್ ಒಡೆಯುವ ಮೊಳೆಯನ್ನು ಅವಳ ಕಣತಲೆಗೆ ಇಳಿಸುತ್ತದೆ. ಕೊಲೆಯಾದ ಮೇಲೆ ಅದೇ ಕೈ ಒಲೆಯ ಮೇಲೆ ಸಿಳ್ಳೆ ಹಾಕುತ್ತಿದ್ದ ಕೆಟಲನ್ನು ನಿಧಾನವಾಗಿ ಎತ್ತಿ ಪಕ್ಕಕ್ಕಿಡುತ್ತದೆ. ಇಡೀ ಚಿತ್ರದಲ್ಲಿ ರಕ್ತವಿಲ್ಲದೆಯೇ ಮೈ ಜುಮ್ಮೆನಿಸುವ ಕ್ಷಣ ಇದೊಂದೇ, ಮತ್ತು ಈ ಕೈಯ ಒಡೆಯ ತಾಯಿಯೊಬ್ಬಳು ಬೆಳೆಸಿದ ಮಗ ಎಂಬುದಕ್ಕೆ ಮೊದಲ ಸುಳಿವೂ ಇದೇ.

ಹಿಂದಿನ ಚಿತ್ರದ ನಾಯಕಿಯನ್ನು ಹೀಗೆ ಆರಂಭದಲ್ಲೇ ಮುಗಿಸುವುದರಿಂದ ಕಥೆಗೆ ದೊಡ್ಡ ಲಾಭವೊಂದಿದೆ: ಉಳಿದು ಬಂದವಳಿಗೂ ಇಲ್ಲಿ ರಕ್ಷಣೆಯಿಲ್ಲ ಎಂದಾದರೆ ಪ್ರೇಕ್ಷಕನಿಗೆ ಯಾರನ್ನು ನಂಬಿ ಕೂರಬೇಕೆಂಬುದೇ ತಿಳಿಯುವುದಿಲ್ಲ. ನಷ್ಟವೂ ಇದೆ. ಮುಳುಗಿ ಸತ್ತ ಮಗನಿಗಾಗಿ ತಾಯಿ ಕೊಲೆಗಳನ್ನು ಮಾಡಿದ್ದಳು. ಮಗ ಬದುಕಿಯೇ ಇದ್ದನೆಂದಾದರೆ ಅಷ್ಟು ವರ್ಷ ಅವನು ತಾಯಿಯ ಬಳಿಗೆ ಏಕೆ ಹೋಗಲಿಲ್ಲ? ಕಾಡಿನಲ್ಲಿ ಒಂಟಿಯಾಗಿ ಬೆಳೆದ ಈ ಮನುಷ್ಯ ಪಟ್ಟಣದಲ್ಲಿ ಆಲಿಸಳ ಮನೆಯನ್ನು ಹುಡುಕಿಕೊಂಡು, ತಲೆಯನ್ನೂ ಹೊತ್ತುಕೊಂಡು, ಹೇಗೆ ಬಂದ? ಚಿತ್ರಕಥೆ ಈ ಪ್ರಶ್ನೆಗಳ ಹತ್ತಿರವೂ ಸುಳಿಯುವುದಿಲ್ಲ. ಅದು ಸೋಮಾರಿತನವೇ ಸರಿ.

ಐದು ವರ್ಷಗಳ ನಂತರ, ಮೊದಲ ಚಿತ್ರದ ಕೊಲೆಗಳು ನಡೆದ ಕ್ರಿಸ್ಟಲ್ ಲೇಕ್ ಎಂಬ ಹಳೆಯ ಮಕ್ಕಳ ಬೇಸಿಗೆ ಶಿಬಿರದ ಮಗ್ಗುಲಲ್ಲೇ, ಪಾಲ್ ಎಂಬಾತ ಶಿಬಿರದ ಮೇಲ್ವಿಚಾರಕರಿಗೆ ತರಬೇತಿ ಕೊಡುವ ತಾಣವೊಂದನ್ನು ತೆರೆದಿದ್ದಾನೆ. ಮಕ್ಕಳು ಇನ್ನೂ ಬಂದಿಲ್ಲ, ಯುವಕ ಯುವತಿಯರು ಬಂದಿದ್ದಾರೆ. ಸೈಕಲ್ಲೇರಿ ಬಂದು ‘ನಿಮಗೆ ಕೇಡು ಕಾದಿದೆ’ ಎಂಬ ಧಾಟಿಯಲ್ಲಿ ಎಚ್ಚರಿಸುವ ಹುಚ್ಚ ರಾಲ್ಫ್ ಮೊದಲ ಚಿತ್ರದಿಂದ ದಾಟಿ ಬಂದ ಪಾತ್ರ. ಅವನು ಇಲ್ಲೂ ಎಚ್ಚರಿಸುತ್ತಾನೆ, ಇಲ್ಲೂ ಯಾರೂ ಕಿವಿಗೊಡುವುದಿಲ್ಲ. ವ್ಯತ್ಯಾಸವೆಂದರೆ ಈ ಸಲ ಮರದ ಮರೆಯಲ್ಲಿ ನಿಂತವನ ಕುತ್ತಿಗೆಗೇ ತಂತಿ ಬೀಳುತ್ತದೆ. ಎಚ್ಚರಿಕೆಯ ದನಿಯನ್ನೇ ಮೊದಲು ಅಡಗಿಸಿದ್ದು ಒಳ್ಳೆಯ ಲೆಕ್ಕಾಚಾರ. ರಾತ್ರಿ ಬೆಂಕಿಯ ಸುತ್ತ ಕುಳಿತಾಗ ಪಾಲ್ ಜೇಸನ್ನನ ಕಥೆಯನ್ನು ದಂತಕಥೆಯಂತೆ ಹೇಳುತ್ತಾನೆ, ಕೊನೆಗೆ ತಂಡದ ವಿದೂಷಕ ಟೆಡ್ ಮುಖವಾಡ ತೊಟ್ಟು ಭರ್ಜಿ ಹಿಡಿದು ನಡುವೆ ಹಾರಿ ಎಲ್ಲರನ್ನೂ ಕಿರುಚಿಸುತ್ತಾನೆ. ನಮ್ಮ ದೆವ್ವದ ಸಿನಿಮಾಗಳಲ್ಲಿ ದೆವ್ವಕ್ಕಾದ ಅನ್ಯಾಯವನ್ನು ತಿಳಿಸುವ ಫ್ಲ್ಯಾಶ್‌ಬ್ಯಾಕ್ ಸಾಮಾನ್ಯವಾಗಿ ಕ್ಲೈಮ್ಯಾಕ್ಸಿಗೆ ತುಸು ಮೊದಲು ಬರುತ್ತದೆ, ಬಂದೊಡನೆ ಭಯ ಕರಗಿ ಕನಿಕರ ಮೂಡುತ್ತದೆ. ಇಲ್ಲಿ ಅದೇ ಮಾಹಿತಿಯನ್ನು ಮೊದಲ ಅರ್ಧ ಗಂಟೆಯಲ್ಲೇ, ಅದೂ ತಮಾಷೆಯ ಹೊದಿಕೆಯಲ್ಲಿ, ಕೊಟ್ಟುಬಿಟ್ಟಿದ್ದಾರೆ. ಕೇಳಿದವರೆಲ್ಲ ನಕ್ಕು ಮಲಗುತ್ತಾರೆ, ಒಬ್ಬಳು ಮಾತ್ರ ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾಳೆ.

ಚಿತ್ರಕಥೆಯ ನಡುಗಂಬ ಮರುದಿನ ಸಂಜೆಯ ಒಂದು ನಿರ್ಧಾರ. ತರಬೇತಿ ಬಿಗಿಯಾಗುವ ಮುನ್ನ ಕೊನೆಯದಾಗಿ ಪೇಟೆಗೆ ಹೋಗಿ ಕುಡಿದು ಬರೋಣ ಎಂದು ಪಾಲ್ ಹೊರಡಿಸುತ್ತಾನೆ, ಬಂದ ತಂಡದ ದೊಡ್ಡ ಪಾಲು ಅವನೊಡನೆ ಹೊರಟುಹೋಗುತ್ತದೆ. ಇಂಥ ಚಿತ್ರಗಳಲ್ಲಿ ಪಾತ್ರಗಳು ಒಂಟಿಯಾಗಲು ಸಾಮಾನ್ಯವಾಗಿ ಕಾರಣವೇ ಇರುವುದಿಲ್ಲ. ಯಾರೋ ಸದ್ದು ಕೇಳಿ ಕತ್ತಲಿಗೆ ನಡೆಯುತ್ತಾರೆ, ಅಷ್ಟೇ. ಇಲ್ಲಿ ಉಳಿದ ಪ್ರತಿಯೊಬ್ಬರಿಗೂ ಸ್ವಂತ ಕಾರಣವಿದೆ. ಜೆಫ್ ಮತ್ತು ಸಾಂಡ್ರಾ ನಿಷೇಧಿತ ಹಳೆಯ ಶಿಬಿರಕ್ಕೆ ಕದ್ದು ಹೋಗಿ ಪೊಲೀಸಿನವನ ಕೈಗೆ ಸಿಕ್ಕಿದ್ದಕ್ಕೆ ಶಿಕ್ಷೆಯಾಗಿ ಉಳಿಯಬೇಕು. ಟೆರ್ರಿಗೆ ತನ್ನ ಪುಟ್ಟ ನಾಯಿ ಮಫಿನ್ ಕಾಣೆಯಾದ ಚಿಂತೆ. ಸ್ಕಾಟ್ ಉಳಿಯುವುದು ಟೆರ್ರಿಯ ಹಿಂದೆ ಬಿದ್ದು. ಮಾರ್ಕನಿಗೆ ಪೇಟೆ ಬೇಡ, ವಿಕಿಗೆ ಮಾರ್ಕ್ ಬೇಕು. ಹೀಗೆ ಉಳಿದವರು ಸಾಯುತ್ತಾರೆ, ಹೋದವರು ಹೆಸರೂ ಇಲ್ಲದೆ ಬದುಕುತ್ತಾರೆ. ಟೆಡ್‌ನನ್ನಂತೂ ಬಾರಿನಲ್ಲೇ ಬಿಟ್ಟು ಬರಲಾಗುತ್ತದೆ; ಕುಡಿತದ ಚಪಲವೇ ಅವನ ಪ್ರಾಣ ಉಳಿಸುತ್ತದೆ. ಇಂಥ ಚಿತ್ರಗಳಲ್ಲಿ ಹುಡುಗಾಟಕ್ಕೆ ಸಾವೇ ಶಿಕ್ಷೆ ಎಂಬ ಮಾತನ್ನು ಕೇಳಿ ಕೇಳಿ ಸಾಕಾದವರಿಗೆ ಟೆಡ್ ಒಳ್ಳೆಯ ಉತ್ತರ.

ಸಾಯುವವರ ಪೈಕಿ ಬರಹಗಾರ ನಿಜವಾಗಿ ಮನಸ್ಸಿಟ್ಟು ಬರೆದದ್ದು ಮಾರ್ಕ್ ಮತ್ತು ವಿಕಿಯರನ್ನು. ಅಪಘಾತದಿಂದ ಗಾಲಿಕುರ್ಚಿಗೆ ಸೇರಿದ ಮಾರ್ಕನಿಗೆ ಮತ್ತೆ ನಡೆದೇ ನಡೆಯುತ್ತೇನೆಂಬ ಹಟ, ತೋಳಿನಲ್ಲಿ ಕಸುವು, ಮಾತಿನಲ್ಲಿ ಸ್ವಾನುಕಂಪದ ಎಳೆಯೂ ಇಲ್ಲ. ವಿಕಿ ಅವನ ಪಕ್ಕ ಕುಳಿತು ಅಂಗೈಯಗಲದ ಎಲೆಕ್ಟ್ರಾನಿಕ್ ಆಟ ಆಡುತ್ತಾಳೆ, ಸಂಕೋಚವಿಲ್ಲದೆ ತನ್ನ ಇಷ್ಟವನ್ನು ತಿಳಿಸುತ್ತಾಳೆ, ಸಿಂಗರಿಸಿಕೊಂಡು ಬರಲು ತನ್ನ ಕೋಣೆಗೆ ಓಡುತ್ತಾಳೆ. ಕಥೆಯನ್ನು ಮುಂದೂಡಲು ಈ ಮಾತುಕತೆಯ ಅಗತ್ಯವೇನೂ ಇರಲಿಲ್ಲ, ಆದ್ದರಿಂದಲೇ ಅದು ನೆನಪಿನಲ್ಲಿ ಉಳಿಯುತ್ತದೆ. ಅವಳು ಮರಳುವಷ್ಟರಲ್ಲಿ ಮಚ್ಚು ಮಾರ್ಕನ ಮುಖಕ್ಕೆ ಬಿದ್ದಿರುತ್ತದೆ. ಗಾಲಿಕುರ್ಚಿ ಮಳೆಯಲ್ಲಿ ಉದ್ದನೆಯ ಮೆಟ್ಟಿಲುಗಳ ಮೇಲೆ ಹಿಂದುಹಿಂದಕ್ಕೆ ಉರುಳಿ, ದೃಶ್ಯ ನಿಂತು, ತೆರೆ ಬೆಳ್ಳಗಾಗುತ್ತದೆ. ಇದನ್ನು ಕ್ರೌರ್ಯದ ಪರಮಾವಧಿ ಎಂದು ಬೈಯುವವರಿದ್ದಾರೆ. ಅಂಗವಿಕಲನೆಂಬ ಕಾರಣಕ್ಕೆ ಅವನಿಗೆ ವಿನಾಯಿತಿ ಕೊಟ್ಟಿದ್ದರೆ ಅದೇ ಅವಮಾನವಾಗುತ್ತಿತ್ತು ಎಂಬುದು ನನ್ನ ಅನಿಸಿಕೆ.

ಟೆರ್ರಿ ಮತ್ತು ಸ್ಕಾಟ್ ಜೋಡಿಗೆ ಅಂಥ ಭಾಗ್ಯವಿಲ್ಲ. ಒಬ್ಬಳು ಈಜಲು, ಇನ್ನೊಬ್ಬ ಅವಳ ಬಟ್ಟೆ ಕದಿಯಲು, ಅಷ್ಟಕ್ಕೇ ಹುಟ್ಟಿದ ಪಾತ್ರಗಳಿವು; ಟೆರ್ರಿಯ ಸಾವನ್ನು ತೋರಿಸುವ ಗೋಜಿಗೂ ಚಿತ್ರ ಹೋಗುವುದಿಲ್ಲ. ಜೆಫ್ ಮತ್ತು ಸಾಂಡ್ರಾ ಒಂದೇ ಭರ್ಜಿಗೆ ಬಲಿಯಾಗುವ ದೃಶ್ಯ ಇಟಲಿಯ ಮಾರಿಯೋ ಬಾವಾ 1971ರಲ್ಲಿ ತೆಗೆದ ಚಿತ್ರವೊಂದರ ದೃಶ್ಯವನ್ನು ಎಷ್ಟು ಹೋಲುತ್ತದೆಂದರೆ, ಎರಡನ್ನೂ ನೋಡಿದವರಿಗೆ ಆಕಸ್ಮಿಕವೆನ್ನಲು ನಾಲಗೆ ಹೊರಳುವುದಿಲ್ಲ. ಅಮೆರಿಕದ ಸೆನ್ಸಾರಿನವರು ಕತ್ತರಿಸಿದ ಸುಮಾರು 48 ಸೆಕೆಂಡುಗಳಲ್ಲಿ ಈ ದೃಶ್ಯದ ಭಾಗವೂ ಸೇರಿದ್ದರಿಂದ, ನಾವು ನೋಡುವ ರೂಪದಲ್ಲಿ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ.

ಕೊಲೆಗಾರನ ಪಾತ್ರಕ್ಕೆ ಬಂದರೆ, ಮುಂದೆ ಜಗತ್ಪ್ರಸಿದ್ಧವಾದ ಹಾಕಿ ಮುಖವಾಡ ಇಲ್ಲಿಲ್ಲ. ಅದು ಬಂದದ್ದು 1982ರ ಮೂರನೆಯ ಭಾಗದಲ್ಲಿ. ಇಲ್ಲಿನ ಜೇಸನ್ ಚೌಕುಳಿ ಅಂಗಿ ತೊಟ್ಟು, ಒಂದೇ ಕಣ್ಣಿಗೆ ತೂತು ಕೊರೆದ ಗೋಣಿಬಟ್ಟೆಯನ್ನು ತಲೆಗೆ ಹಾಕಿಕೊಂಡ ಕಾಡು ಮನುಷ್ಯ. ಬಹುಪಾಲು ಚಿತ್ರದಲ್ಲಿ ಅವನು ನಮಗೆ ಕಾಣುವುದು ಬೂಟುಗಾಲಾಗಿ, ಕೈಯಾಗಿ, ಎಲೆಗಳ ಮರೆಯಿಂದ ನೋಡುವ ಕ್ಯಾಮೆರಾ ಆಗಿ. ಇದು ಅಗ್ಗದ ವಿಧಾನ, ಒಪ್ಪೋಣ. ಆದರೆ ಅವನು ಕೊನೆಗೆ ಎದುರಾದಾಗ ಸೋಲರಿಯದ ರಾಕ್ಷಸನಾಗಿರದೆ ಎಡವುವ, ನೋವಾದರೆ ನರಳುವ ಮನುಷ್ಯನಾಗಿರುವುದು ಮುಂದಿನ ಭಾಗಗಳಲ್ಲಿ ಸಿಗದ ಗುಣ. ನಾಯಕಿ ಜಿನ್ನಿ ಮಂಚದ ಕೆಳಗೆ ಉಸಿರು ಬಿಗಿಹಿಡಿದಿರುವಾಗ, ಅವಳು ಹೊರಬರುವುದನ್ನೇ ಕಾದು ಕುರ್ಚಿಯ ಮೇಲೆ ಹತ್ತಿ ಕವೆಗೋಲನ್ನೆತ್ತಿ ನಿಂತ ಜೇಸನ್ ಕುರ್ಚಿ ಮುರಿದು ಧೊಪ್ಪನೆ ಬೀಳುತ್ತಾನೆ. ಕೂಡಲೇ ಅವಳು ಗರಗಸದ ಯಂತ್ರ ಎತ್ತಿಕೊಳ್ಳುತ್ತಾಳೆ.

ಏಮಿ ಸ್ಟೀಲ್ ಅಭಿನಯದ ಈ ಜಿನ್ನಿಯೇ ಚಿತ್ರದ ದೊಡ್ಡ ಸಾಧನೆ. ಅವಳು ತಡವಾಗಿ, ಕೆಮ್ಮುವ ಹಳೆಯ ಫೋಕ್ಸ್‌ವ್ಯಾಗನ್ ಕಾರಿನಲ್ಲಿ ಶಿಬಿರಕ್ಕೆ ಬರುತ್ತಾಳೆ; ಕೊನೆಯ ಓಟದಲ್ಲಿ ಅದೇ ಕಾರು ಕೈಕೊಟ್ಟಾಗ ನಮಗದು ಮೋಸವೆನಿಸುವುದಿಲ್ಲ. ಅವಳು ಕುಡಿಯುತ್ತಾಳೆ, ಶಿಬಿರದ ಯಜಮಾನನೊಡನೆ ಸಂಬಂಧವಿಟ್ಟುಕೊಂಡಿದ್ದಾಳೆ, ಹಾಗಿದ್ದೂ ಉಳಿಯುತ್ತಾಳೆ. ಮುಖ್ಯವಾಗಿ ಅವಳು ಮಕ್ಕಳ ಮನಃಶಾಸ್ತ್ರದ ವಿದ್ಯಾರ್ಥಿನಿ. ಬಾರಿನಲ್ಲಿ ಎಲ್ಲರೂ ಬಿಯರಿನ ಅಮಲಿನಲ್ಲಿರುವಾಗ ಅವಳು ಯೋಚಿಸುತ್ತ ಹೋಗುತ್ತಾಳೆ: ಜೇಸನ್ ನಿಜವಾಗಿಯೂ ಬದುಕಿದ್ದರೆ ಈಗ ಹೇಗಿರಬಹುದು, ಶಾಲೆಯಿಲ್ಲದೆ, ಗೆಳೆಯರಿಲ್ಲದೆ, ತಾಯಿಯೊಬ್ಬಳನ್ನೇ ಜಗತ್ತೆಂದು ಬೆಳೆದವನು ಅವಳ ಸಾವನ್ನು ಕಣ್ಣಾರೆ ಕಂಡಿದ್ದರೆ ಅವನ ಮನಸ್ಸಿಗೆ ಏನಾಗಿರಬಹುದು ಎಂದು. ಪಾಲ್ ಮತ್ತು ಟೆಡ್ ಇದನ್ನು ನಗೆಯಲ್ಲಿ ತೇಲಿಸಿಬಿಡುತ್ತಾರೆ. ಅತ್ತ ಶಿಬಿರದಲ್ಲಿ ಕೊಲೆಗಳಾಗುತ್ತಿವೆ, ಇತ್ತ ಮೇಜಿನ ಮುಂದೆ ಒಬ್ಬ ಹುಡುಗಿ ಕೊಲೆಗಾರನ ಮನಸ್ಸಿನೊಳಕ್ಕೆ ಹೆಜ್ಜೆ ಹಾಕುತ್ತಿದ್ದಾಳೆ. ಇವೆರಡನ್ನೂ ಪರ್ಯಾಯವಾಗಿ ತೋರಿಸುವ ಭಾಗದಲ್ಲಿ ಚಿತ್ರ ತನ್ನ ಬಜೆಟ್ಟನ್ನು ಮೀರಿ ಬೆಳೆಯುತ್ತದೆ.

ಆ ಮಾತಿನ ಫಲ ಕಾಡಿನೊಳಗಿನ ಜೇಸನ್ನನ ಗುಡಿಸಲಿನಲ್ಲಿ ಸಿಗುತ್ತದೆ. ಈ ಗುಡಿಸಲನ್ನು ನಾವು ಮೊದಲೇ ಕಂಡಿದ್ದೇವೆ: ಜೇಸನ್ನನನ್ನು ಅಟ್ಟಿಸಿಕೊಂಡು ಬಂದ ಪೊಲೀಸಿನವನು ಒಳಕೋಣೆಯಲ್ಲಿ ಏನನ್ನೋ ಕಂಡು ದಂಗಾದಾಗ ಹಿಂದಿನಿಂದ ಸುತ್ತಿಗೆ ಬಿದ್ದಿತ್ತು, ಅವನು ಕಂಡದ್ದೇನೆಂದು ನಮಗೆ ತೋರಿಸಿರಲಿಲ್ಲ. ಈಗ ಜಿನ್ನಿ ಕಾಣುತ್ತಾಳೆ. ಮೇಣದಬತ್ತಿಗಳ ನಡುವೆ ಪಮೇಲಾಳ ಒಣಗಿದ ತಲೆ, ಅದರ ಮುಂದೆ ಅವಳ ಸ್ವೆಟರ್, ಸುತ್ತ ಹೆಣಗಳು. ಬಾಗಿಲು ಒಡೆಯುವ ಸದ್ದಾಗುತ್ತಿರುವಂತೆ ಅವಳು ಸ್ವೆಟರ್ ತೊಟ್ಟು, ಕೂದಲು ಹಿಂದಕ್ಕೆ ಕಟ್ಟಿ, ತಾಯಿಯ ದನಿಯಲ್ಲಿ ಮಗನನ್ನು ಗದರಿಸಿ ಮಂಡಿಯೂರಿಸುತ್ತಾಳೆ. ಜೇಸನ್ನನ ಕಣ್ಣಿಗೆ ಕಾಣುವುದು ಮೊದಲ ಚಿತ್ರದಲ್ಲಿ ಪಮೇಲಾಳಾಗಿ ಅಭಿನಯಿಸಿದ್ದ ಬೆಟ್ಸಿ ಪಾಮರ್ ಅವರೇ. ಏಮಿ ಸ್ಟೀಲ್ ಇಲ್ಲಿ ಹೆದರಿದ ಹುಡುಗಿಯೊಬ್ಬಳು ಗಂಭೀರ ತಾಯಿಯಂತೆ ನಟಿಸುತ್ತಿರುವುದನ್ನು ನಟಿಸಬೇಕು, ಮಾಡಿದ್ದಾರೆ. ತುಟಿ ಅದುರದಂತೆ ನೋಡಿಕೊಂಡರೂ ಕಣ್ಣು ಮಾತ್ರ ಅವನ ಕೈಯಲ್ಲಿನ ಆಯುಧದ ಮೇಲಿಂದ ಕದಲುವುದಿಲ್ಲ. ಮಚ್ಚೆತ್ತಲು ಅವಳು ತುಸು ಸರಿದಾಗ ಹಿಂದಿದ್ದ ತಲೆ ಜೇಸನ್ನನ ಕಣ್ಣಿಗೆ ಬಿದ್ದು ಮಾಯೆ ಹರಿಯುತ್ತದೆ. ಗೆಲುವು ಕೊಟ್ಟದ್ದೂ ಕಿತ್ತುಕೊಂಡದ್ದೂ ಒಂದೇ ತಾಯಿ. ಈ ಬಗೆಯ ಚಿತ್ರಗಳಲ್ಲಿ ನಾಯಕಿ ತಾನು ಓದಿದ್ದನ್ನು ಹೀಗೆ ಆಯುಧವಾಗಿ ಬಳಸಿದ ನಿದರ್ಶನಗಳು ವಿರಳ.

ಇಷ್ಟು ಎಚ್ಚರದಿಂದ ಕಟ್ಟಿದ ಕೈಗಳೇ ಕೊನೆಯ ಐದು ನಿಮಿಷಗಳಲ್ಲಿ ಎಲ್ಲವನ್ನೂ ಸಡಿಲ ಬಿಟ್ಟಿವೆ. ಜಾನ್ ಫ್ಯೂರಿ ಅಭಿನಯಿಸಿದ ಪಾಲ್ ಕತ್ತಲ ಮನೆಯಲ್ಲಿ ಜೇಸನ್ನನ ಕೈಯಲ್ಲಿ ನೆಲಕ್ಕುರುಳಿ ಮಾಯವಾದವನು ಗುಡಿಸಲಿಗೆ ಸರಿಯಾದ ಗಳಿಗೆಯಲ್ಲಿ ಓಡಿ ಬಂದು ಜೇಸನ್ನನ ಗಮನ ಸೆಳೆಯುವಷ್ಟು ಮಾತ್ರ ಉಪಯೋಗಕ್ಕೆ ಬರುತ್ತಾನೆ. ಮಚ್ಚು ಬೀಸುವವಳು ಜಿನ್ನಿಯೇ. ಇಬ್ಬರೂ ಕೋಣೆಗೆ ಮರಳಿದಾಗ ಬಾಗಿಲಲ್ಲಿ ಸದ್ದಾಗುತ್ತದೆ, ತೆರೆದರೆ ಸತ್ತಿತೆಂದು ನಾವು ನಂಬಿದ್ದ ಮಫಿನ್ ನಿಂತಿದೆ. ಎಲ್ಲರೂ ಉಸಿರು ಬಿಡುವಷ್ಟರಲ್ಲಿ ಮುಖವಾಡವಿಲ್ಲದ ಜೇಸನ್ ಕಿಟಕಿ ಒಡೆದು ಜಿನ್ನಿಯನ್ನು ಹಿಂದಿನಿಂದ ಸೆಳೆದುಕೊಳ್ಳುತ್ತಾನೆ. ಬೆಚ್ಚಿಬೀಳುವುದೇನೋ ನಿಜ. ಆದರೆ ಮರುಕ್ಷಣ ಬೆಳಗಾಗಿರುತ್ತದೆ, ಜಿನ್ನಿಯನ್ನು ಆಂಬುಲೆನ್ಸಿಗೆ ಏರಿಸಲಾಗುತ್ತಿರುತ್ತದೆ, ಅವಳು ಪಾಲ್ ಎಲ್ಲಿ ಎಂದು ಕೇಳುತ್ತಾಳೆ, ಯಾರೂ ಉತ್ತರಿಸುವುದಿಲ್ಲ. ಕಿಟಕಿಯ ದೃಶ್ಯ ಕನಸೇ, ನಿಜವೇ, ನಾಯಿ ಬದುಕಿತ್ತೇ, ಪಾಲ್ ಸತ್ತನೇ, ಯಾವುದಕ್ಕೂ ಚಿತ್ರದಲ್ಲಿ ಆಧಾರವಿಲ್ಲ. ಮೊದಲ ಭಾಗದ ಕೊನೆಯಲ್ಲಿ ಸರೋವರದಿಂದ ಹುಡುಗ ಎದ್ದು ಬಂದಾಗ ಜನ ಕುರ್ಚಿ ಬಿಟ್ಟೆದ್ದಿದ್ದರು. ಅದೇ ಚಪ್ಪಾಳೆಗಾಗಿ ಈ ಕೊನೆಯನ್ನು ಅಂಟಿಸಿರುವುದು ಎದ್ದು ಕಾಣುತ್ತದೆ. ಸ್ವೆಟರ್ ತೊಟ್ಟ ಜಿನ್ನಿ ಜೇಸನ್ನನ ಹೆಗಲಿಗೆ ಮಚ್ಚು ಬೀಸಿದ ಹೊತ್ತಿಗೆ ಕಥೆ ಹೇಳಬೇಕಾದದ್ದೆಲ್ಲ ಮುಗಿದಿತ್ತು, ಚಿತ್ರವನ್ನೂ ಅಲ್ಲಿಯೇ ಮುಗಿಸಬೇಕಿತ್ತು.