ಪಾಮ್ ಡೆಸ್ಕ್‌ಟಾಪ್ 4.1: ಹಾಟ್‌ಸಿಂಕ್‌ಗೆ ಒಳ್ಳೆಯ ಅಂಕ, ಬ್ಯಾಕಪ್‌ಗೆ ಇಲ್ಲ

ಪಾಮ್ ಎಂಬ ಅಂಗೈ ಸಾಧನವನ್ನು ಪಿಸಿಗೆ ಜೋಡಿಸಿದ ಕ್ರೇಡಲ್‌ನಲ್ಲಿಟ್ಟು (ಅದನ್ನು ನಿಲ್ಲಿಸುವ ಪೀಠ) ಹಾಟ್‌ಸಿಂಕ್ ಗುಂಡಿ ಒತ್ತಿದರೆ ಸಾಕು, ನೂರಾರು ಹೆಸರು-ನಂಬರು ಸಾಧನದಲ್ಲೂ ಪಿಸಿಯಲ್ಲಿರುವ ಪಾಮ್ ಡೆಸ್ಕ್‌ಟಾಪ್ ತಂತ್ರಾಂಶದಲ್ಲೂ ಸರಿಹೊಂದುತ್ತವೆ. 1996ರಲ್ಲಿ ಬಂದ ಮೊದಲ ಪಾಮ್ ಸಾಧನ ‘ಪೈಲಟ್’ ಕಾಲದಿಂದ ಬಂದ ಈ ಸರಳತೆಯಲ್ಲಿ ಹೆಸರಿಡಲು ಏನಿಲ್ಲ. ಆದರೆ ಹಾಟ್‌ಸಿಂಕ್ ಸರಿಯಾದದ್ದನ್ನು ಎಷ್ಟು ನಿಷ್ಠೆಯಿಂದ ದಾಟಿಸುತ್ತದೋ, ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ದಾಟಿಸುತ್ತದೆ.

ಹೆಸರುಗಳು ಕಾಣದಿದ್ದರೆ ಮೊದಲು ಮೇಲಿನ ಬಲತುದಿಯ ಕೆಟಗರಿ ‘ಆಲ್’ನಲ್ಲಿದೆಯೇ ನೋಡಿ. ಆಮೇಲೆ ಸೆಕ್ಯುರಿಟಿಯಲ್ಲಿ ಪ್ರೈವೇಟ್ ರೆಕಾರ್ಡ್‌ಗಳನ್ನು ಅಡಗಿಸಿದ್ದೀರಾ ನೋಡಿ. ಎಷ್ಟೋ ‘ನಷ್ಟ’ಗಳು ಇಷ್ಟಕ್ಕೇ ಮುಗಿಯುತ್ತವೆ.

ನಿಜವಾಗಿ ಕಳೆಯುವುದು ಹೆಚ್ಚಾಗಿ ಬ್ಯಾಟರಿಯಿಂದ. ಪಾಮ್ III, ಎಂ100ರಂಥ ಹಳೆಯ ಮಾದರಿಗಳಲ್ಲಿ ಹೆಸರು-ನಂಬರೆಲ್ಲ ರ‍್ಯಾಮ್‌ನಲ್ಲಿ, ಅಂದರೆ ವಿದ್ಯುತ್ ನಿಂತರೆ ಅಳಿದುಹೋಗುವ ಮೆಮೊರಿಯಲ್ಲಿ ಇರುತ್ತವೆ. ಎರಡು ಟ್ರಿಪಲ್-ಎ ಸೆಲ್ ಬದಲಿಸಲು ಸುಮಾರು ಒಂದು ನಿಮಿಷ ಮಾತ್ರ ಸಿಗುತ್ತದೆ. ತಡವಾದರೆ ಸಾಧನ ಖಾಲಿ. (2004ರ ಟಂಗ್‌ಸ್ಟನ್ ಟಿ5ರಿಂದಾಚೆಗೆ ವಿದ್ಯುತ್ ಇಲ್ಲದೆಯೂ ಅಳಿಯದ ಫ್ಲ್ಯಾಶ್ ಮೆಮೊರಿ ಬಂದು ಈ ಕಾಟ ತಪ್ಪಿತು.) ಖಾಲಿಯಾದ ಸಾಧನವನ್ನು ಸಿಂಕ್ ಮಾಡಿದಾಗ ಯೂಸರ್ ಹೆಸರು ಕೇಳುತ್ತದೆ. ಪಟ್ಟಿಯಲ್ಲಿರುವ ಹಳೆಯ ಹೆಸರನ್ನೇ ಆರಿಸಿದರೆ ಪಿಸಿಯಲ್ಲಿದ್ದದ್ದೆಲ್ಲ ವಾಪಸ್ ಬರುತ್ತದೆ. ಹೊಸ ಹೆಸರು ಕೊಟ್ಟರೆ ಹೊಸ ಫೋಲ್ಡರ್ ಹುಟ್ಟುತ್ತದೆ. ಹಳೆಯ ಸಂಪರ್ಕಗಳು ಪಕ್ಕದ ಫೋಲ್ಡರ್‌ನಲ್ಲಿ ಹಾಗೇ ಕುಳಿತಿರುತ್ತವೆ.

ಇನ್ನೊಂದು ಕಾರಣ ದಿಕ್ಕು. ಹಾಟ್‌ಸಿಂಕ್ ಮ್ಯಾನೇಜರ್‌ನ ‘ಕಸ್ಟಮ್’ನಲ್ಲಿ ಅಡ್ರೆಸ್ ಬುಕ್‌ಗೆ ನಾಲ್ಕು ಆಯ್ಕೆಗಳಿವೆ: ಸಿಂಕ್ರೊನೈಸ್, ಡೆಸ್ಕ್‌ಟಾಪ್ ಓವರ್‌ರೈಟ್ಸ್ ಹ್ಯಾಂಡ್‌ಹೆಲ್ಡ್, ಹ್ಯಾಂಡ್‌ಹೆಲ್ಡ್ ಓವರ್‌ರೈಟ್ಸ್ ಡೆಸ್ಕ್‌ಟಾಪ್, ಡು ನಥಿಂಗ್. ನಡುವಿನ ಎರಡನ್ನು ‘ಸೆಟ್ ಆ್ಯಸ್ ಡೀಫಾಲ್ಟ್’ ಮಾಡಬೇಡಿ. ಹಾಗೇ ಬಿಟ್ಟರೆ ಅವು ಒಂದೇ ಸಲಕ್ಕೆ ಅನ್ವಯಿಸಿ, ಮತ್ತೆ ಮೊದಲಿನಂತಾಗುತ್ತವೆ. ಡೀಫಾಲ್ಟ್ ಆದರೆ ಒಂದು ಬದಿಯಲ್ಲಿ ಹೊಸದಾಗಿ ಸೇರಿಸಿದ್ದೆಲ್ಲ ಪ್ರತಿ ಸಿಂಕ್‌ನಲ್ಲೂ ಅಳಿಯುತ್ತದೆ.

ಕಳೆದದ್ದನ್ನು ಪಡೆಯುವಾಗ ಮುಖ್ಯ ನಿಯಮ, ಇನ್ನೊಮ್ಮೆ ಗುಂಡಿ ಒತ್ತಬೇಡಿ. ಪಿಸಿ ಪರದೆಯ ಮೂಲೆಯ ಕೆಂಪು-ನೀಲಿ ಬಾಣದ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ಹಾಟ್‌ಸಿಂಕ್ ಮುಚ್ಚಿ. ಪಾಮ್ ಫೋಲ್ಡರ್‌ನೊಳಗಿನ ನಿಮ್ಮ ಯೂಸರ್ ಫೋಲ್ಡರ್ ಇಡಿಯಾಗಿ ಬೇರೆ ಕಡೆ ನಕಲಿಸಿ. ಅದರ ‘ಅಡ್ರೆಸ್’ ಉಪಫೋಲ್ಡರ್‌ನಲ್ಲಿ ಅಡ್ರೆಸ್.ಡ್ಯಾಟ್ (address.dat) ಮತ್ತು ಅಡ್ರೆಸ್.ಬ್ಯಾಕ್ (address.bak) ಎಂಬ ಎರಡು ಫೈಲ್ ಸಿಗುತ್ತವೆ. ಬ್ಯಾಕ್ ಅಂದರೆ ಹಿಂದಿನ ಪ್ರತಿ, ಅದೂ ಒಂದೇ ಒಂದು. ಗಾಬರಿಯಲ್ಲಿ ಮತ್ತೆ ಸಿಂಕ್ ಮಾಡಿದವರು ಕಳೆದುಕೊಳ್ಳುವುದು ಇದನ್ನೇ. ಡ್ಯಾಟ್ ಫೈಲ್‌ಗಿಂತ ಬ್ಯಾಕ್ ಗಾತ್ರ ದೊಡ್ಡದಿದ್ದರೆ ಆಸೆ ಇದೆ: ಡ್ಯಾಟ್‌ನ ಹೆಸರು ಬದಲಿಸಿ ಪಕ್ಕಕ್ಕಿಡಿ, ಬ್ಯಾಕ್‌ನ ನಕಲಿಗೆ ಅಡ್ರೆಸ್.ಡ್ಯಾಟ್ ಎಂದು ಹೆಸರಿಡಿ, ಪಾಮ್ ಡೆಸ್ಕ್‌ಟಾಪ್ ತೆರೆದು ಹೆಸರುಗಳಿವೆಯೇ ಪರೀಕ್ಷಿಸಿ. ಇದ್ದರೆ ಮಾತ್ರ ‘ಡೆಸ್ಕ್‌ಟಾಪ್ ಓವರ್‌ರೈಟ್ಸ್ ಹ್ಯಾಂಡ್‌ಹೆಲ್ಡ್’ ಆರಿಸಿ ಸಿಂಕ್ ಮಾಡಿ. ಹೆಸರುಗಳು ಸಾಧನದಲ್ಲಿದ್ದು ಪಿಸಿ ಖಾಲಿಯಾಗಿದ್ದರೆ ದಿಕ್ಕು ಉಲ್ಟಾ.

ಒಂದೆರಡು ಹೆಸರನ್ನಷ್ಟೇ ಕೈಯಾರೆ ಅಳಿಸಿದ್ದರೆ, ಅಳಿಸುವಾಗ ‘ಸೇವ್ ಆರ್ಕೈವ್ ಕಾಪಿ’ ಟಿಕ್ ಇದ್ದಿತ್ತೇ ಎಂಬುದೇ ಪ್ರಶ್ನೆ. ಇದ್ದಿತ್ತಾದರೆ ಫೈಲ್ ಮೆನುವಿನ ‘ಓಪನ್ ಆರ್ಕೈವ್’ನಿಂದ ತೆರೆದು, ಕಾಪಿ ಮಾಡಿ ಈಗಿನ ಪಟ್ಟಿಗೆ ಅಂಟಿಸಬಹುದು.

ಔಟ್‌ಲುಕ್ ಜೊತೆ ಸಿಂಕ್ ಮಾಡುವವರಿಗೆ ಬೇರೆ ಕತೆ. ಆಗ ಪಾಮ್ ಡೆಸ್ಕ್‌ಟಾಪ್‌ನ ಪಟ್ಟಿ ಹೊಸದಾಗುವುದೇ ಇಲ್ಲ. ಅಲ್ಲಿ ಹಳಸಲು ನಂಬರುಗಳು ಕಂಡರೆ ಅದು ನಷ್ಟವಲ್ಲ. ಹಾಗೆಯೇ ಒಂದೇ ಹೆಸರನ್ನು ಎರಡೂ ಕಡೆ ತಿದ್ದಿದಾಗ ಎರಡು ಪ್ರತಿ ಆಗುವುದನ್ನು ಬೈಯಬೇಡಿ. ಯಾವುದು ಸರಿ ಎಂದು ತಾನೇ ತೀರ್ಮಾನಿಸಿ ಒಂದನ್ನು ಎಸೆಯುವ ಸಾಫ್ಟ್‌ವೇರ್‌ಗಿಂತ ಇದು ವಾಸಿ. ಹಾಟ್‌ಸಿಂಕ್‌ನ ಲಾಗ್ (ಪ್ರತಿ ಸಿಂಕ್‌ನ ದಾಖಲೆ) ತೆರೆದರೆ ಅದರ ಉಲ್ಲೇಖವೂ ಇರುತ್ತದೆ.

ನನ್ನ ದೂರು ಆ ಒಂಟಿ ಬ್ಯಾಕ್ ಫೈಲ್ ಬಗ್ಗೆಯೇ. ದಿನಾಂಕವಾರು ನಾಲ್ಕೈದು ಪ್ರತಿ ಇಟ್ಟುಕೊಳ್ಳುವುದು ತಯಾರಕರಿಗೆ ಕಷ್ಟವಿರಲಿಲ್ಲ. ಇಲ್ಲದಿರುವುದರಿಂದ ತಿಂಗಳಿಗೊಮ್ಮೆ ‘ಎಕ್ಸ್‌ಪೋರ್ಟ್’ನಲ್ಲಿ ಎಲ್ಲ ಸಂಪರ್ಕಗಳನ್ನೂ ವಿಕಾರ್ಡ್ (ಸಂಪರ್ಕಗಳನ್ನು ಸಾಗಿಸುವ ಫೈಲ್ ಮಾದರಿ) ಆಗಿ ತೆಗೆದು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ, ಅದೇ ಫೈಲ್ ಈಗಿನ ಫೋನ್‌ಗಳಲ್ಲೂ ತೆರೆದುಕೊಳ್ಳುತ್ತದೆ.