ಬ್ಯಾಗ್ಸ್: ಲೆಕ್ಕ ಸಲೀಸು, ಇಳಿಜಾರು ತಪ್ಪಿದರೆ ಎಲ್ಲವೂ ತಪ್ಪು

ನೆರೆ ಬಂದಾಗ ಜಲ್ಲಿ ತಳದ ನದಿ ಎಷ್ಟು ಕಲ್ಲು ಸಾಗಿಸುತ್ತದೆ ಎಂದು ಲೆಕ್ಕ ಹಾಕಲು ಅಮೆರಿಕದ ಅರಣ್ಯ ಸೇವೆ ಉಚಿತವಾಗಿ ಕೊಡುವ ಸಾಧನ ಬ್ಯಾಗ್ಸ್ (BAGS). ಕೈಪಿಡಿ 2009ರದು. ಎಕ್ಸೆಲ್ ಒಳಗೆ ಮ್ಯಾಕ್ರೋ ಆಗಿ ಓಡುವುದರಿಂದ ಇಳಿಸಿಕೊಂಡ ಕಡತವನ್ನು ವಿಂಡೋಸ್ ತಡೆಯಬಹುದು. ಪ್ರಾಪರ್ಟೀಸ್‌ನಲ್ಲಿ ಅನ್‌ಬ್ಲಾಕ್ ಮಾಡಿದರೆ ಸಾಕು.

ಕೊಡಬೇಕಾದದ್ದು ನದಿಯ ಒಂದು ಅಡ್ಡಕೊಯ್ತ, ನೀರಿನ ಇಳಿಜಾರು, ಕಲ್ಲಿನ ಗಾತ್ರದ ಹಂಚಿಕೆ, ಹರಿವು. ಆರು ಸೂತ್ರಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು, ಹೆಚ್ಚಿನವರು ಎಡವುವುದು ಇಲ್ಲೇ. ಪಾರ್ಕರ್–ಕ್ಲಿಂಗ್‌ಮನ್ (1982) ಕೇಳುವುದು ಮೇಲ್ಪದರದ ಅಡಿಯ ಗಾತ್ರಗಳನ್ನು. ಪಾರ್ಕರ್ (1990) ಮತ್ತು ವಿಲ್‌ಕಾಕ್–ಕ್ರೋ (2003) ಕೇಳುವುದು ಮೇಲ್ಪದರದ್ದನ್ನು. ಮೇಲಿನ ಹೊದಿಕೆ ಸಾಮಾನ್ಯವಾಗಿ ಅಡಿಯದಕ್ಕಿಂತ ಒರಟು. ಒಂದರ ಜಾಗದಲ್ಲಿ ಇನ್ನೊಂದನ್ನು ತುಂಬಿದರೂ ಪ್ರೋಗ್ರಾಂ ತಕರಾರಿಲ್ಲದೆ ಉತ್ತರ ಕೊಡುತ್ತದೆ, ಆ ಉತ್ತರ ಮಾತ್ರ ಕೆಲಸಕ್ಕೆ ಬಾರದು. ಮರಳು ಬೆರೆತ ತಳಕ್ಕೆ ವಿಲ್‌ಕಾಕ್–ಕ್ರೋ ವಾಸಿ. ಪಾರ್ಕರ್ 1990 ಸೂತ್ರ 2 ಮಿ.ಮೀ.ಗಿಂತ ಸಣ್ಣದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಗಾತ್ರಕ್ಕೆ 100 ಕಲ್ಲು ಎಣಿಸುವ ರೂಢಿ ಇದೆ. 400 ಎಣಿಸಿದರೆ ಒರಟು ಕಲ್ಲುಗಳ ಪ್ರಮಾಣ ಹೆಚ್ಚು ಭರವಸೆಗೆ ಬರುತ್ತದೆ. ಅಳೆಯಬೇಕಾದದ್ದು ಮಧ್ಯದ ಅಕ್ಷವನ್ನು (ಅತಿ ಉದ್ದಕ್ಕೂ ಅತಿ ಗಿಡ್ಡಕ್ಕೂ ನಡುವಿನ ಅಳತೆ), ಉದ್ದವನ್ನಲ್ಲ.

ಇನ್ನು ನಿಜವಾದ ಕಿರಿಕಿರಿ. ಕಲ್ಲು ಆಗಷ್ಟೇ ಅಲುಗಾಡುವ ಹಂತದಲ್ಲಿ ವಿಲ್‌ಕಾಕ್–ಕ್ರೋ ಸೂತ್ರದ ಅಳತೆರಹಿತ ಸಾಗಣೆ (ಯಾವ ಮಾನವೂ ಇಲ್ಲದ ಬರಿಯ ಅನುಪಾತ) ಎಳೆತದ ಬಲದ, ಅಂದರೆ ನೀರು ತಳವನ್ನು ಎಳೆಯುವ ಬಲದ, 7.5ನೇ ಘಾತದಂತೆ ಏರುತ್ತದೆ. ನಿಜವಾದ ಸಾಗಣೆಯ ದರಕ್ಕೆ ಬಂದಾಗ ಅದು 9ನೇ ಘಾತವಾಗುತ್ತದೆ. ಎಳೆತವನ್ನು 10% ಹೆಚ್ಚು ಅಂದಾಜಿಸಿದರೆ ಸಾಗಣೆ ಎರಡು ಪಟ್ಟು ಮೀರುತ್ತದೆ. 20% ಆದರೆ ಐದು ಪಟ್ಟು. ಎಳೆತ ಆಳ ಮತ್ತು ಇಳಿಜಾರಿನ ಗುಣಲಬ್ಧಕ್ಕೆ ತಕ್ಕಂತೆ ಏರುವುದರಿಂದ ನಕ್ಷೆಯಿಂದ ಓದಿದ ಇಳಿಜಾರನ್ನು ತುಂಬುವುದು ಸುಮ್ಮನೆ ಜೂಜು. ನದಿಯ ಅಗಲದ ಹತ್ತಾರು ಪಟ್ಟು ಉದ್ದಕ್ಕೆ ಲೆವೆಲ್ (ಎತ್ತರ ಅಳೆಯುವ ಸರ್ವೆ ಉಪಕರಣ) ಹಿಡಿದು ನೀರಿನ ಮೇಲ್ಮೈಯನ್ನು ಅಳೆಯಿರಿ. ಬಂಡೆ, ದಿಬ್ಬ, ದಡದ ಗಿಡಗಳು ಬಲದ ಒಂದು ಪಾಲನ್ನು ತಾವೇ ನುಂಗುತ್ತವೆ, ಕಲ್ಲಿಗೆ ದಕ್ಕುವುದು ಉಳಿದದ್ದಷ್ಟೇ. ಒಟ್ಟು ಎಳೆತವನ್ನೇ ಬಳಸಿದ ಲೆಕ್ಕ ಯಾವಾಗಲೂ ಉಬ್ಬಿರುತ್ತದೆ.

ಇದು ಕೊಡುವುದು ಸಾಮರ್ಥ್ಯವನ್ನು, ನಡೆದದ್ದನ್ನಲ್ಲ. ಮೇಲಿನಿಂದ ಕಲ್ಲೇ ಬರದಿದ್ದರೂ ಅಂಕಿ ಬರುತ್ತದೆ. ನೆರೆಯ ನಡುವೆ ತಳ ಕೊರೆದು ಇಳಿಯುವುದು, ಹೊದಿಕೆ ಒಡೆಯುವುದು ಇದಕ್ಕೆ ಗೊತ್ತಾಗದು. ತಳದ ಏರಿಳಿತವೇ ಪ್ರಶ್ನೆಯಾಗಿದ್ದರೆ ನದಿಯ ಹರಿವನ್ನೂ ತಳದ ಬದಲಾವಣೆಯನ್ನೂ ಲೆಕ್ಕ ಹಾಕುವ ಹೆಕ್-ರಾಸ್‌ನಂಥ (HEC-RAS) ಮಾದರಿಗೆ ಹೋಗಬೇಕು.

ಆದರೂ ಬ್ಯಾಗ್ಸ್ ಇಷ್ಟವಾಗುವುದು ಎರಡು ಸೂತ್ರಗಳಿಗಾಗಿ: ಬಕ್ಕೆ (1999) ಮತ್ತು ವಿಲ್‌ಕಾಕ್ (2001). ಅದೇ ನದಿಯಲ್ಲಿ ಸಾಗುವ ಕಲ್ಲನ್ನು ಹಿಡಿದು ಅಳೆದ ಕೆಲವೇ ಮಾದರಿಗಳಿಗೆ ಇವನ್ನು ಹೊಂದಿಸಬಹುದು. ಹೀಗೆ ನದಿಯಲ್ಲಿ ಅಳೆದು ಹೊಂದಿಸದ ಉತ್ತರವನ್ನು ಹತ್ತು ಪಟ್ಟು ಆಚೀಚೆ ಎಂದೇ ಓದಬೇಕು. ತಳದ ಮೇಲೆ ಉರುಳುವ ಕಲ್ಲನ್ನು ಹಿಡಿಯುವ ಹೆಲಿ–ಸ್ಮಿತ್ ಬಲೆಯಿಂದ ಹಿಡಿಯುವುದಾದರೆ ಅದರ ಬಾಯಿ 76 ಮಿ.ಮೀ. ಮಾತ್ರ, ದೊಡ್ಡ ನೆರೆಯಲ್ಲಿ ಅದಕ್ಕಿಂತ ದಪ್ಪ ಕಲ್ಲು ಉರುಳುತ್ತಿದ್ದರೆ ಹೊಂದಿಸಿದ ಲೆಕ್ಕವೂ ನಿಜಕ್ಕಿಂತ ಕೆಳಗೇ ಉಳಿಯುತ್ತದೆ.