ಆಕ್ಸೆಸ್ ಟು ವರ್ಕ್, ಮೂರು ವರ್ಷದ ನಂತರ: ಎಡಿಎಚ್‌ಡಿ ಇರುವ ಉದ್ಯೋಗಿಯ ಅನುಭವ

ಅಂಗವೈಕಲ್ಯ ಅಥವಾ ಆರೋಗ್ಯದ ತೊಂದರೆ ಇರುವವರಿಗೆ ಕೆಲಸದಲ್ಲಿ ಬೇಕಾದ ನೆರವಿಗೆ ಹಣ ಕೊಡುವ ಬ್ರಿಟನ್‌ನ ಯೋಜನೆ ಆಕ್ಸೆಸ್ ಟು ವರ್ಕ್. ನನಗಿರುವ ಎಡಿಎಚ್‌ಡಿ ಅಂದರೆ ಗಮನ ನಿಲ್ಲಿಸುವುದು, ಕೆಲಸ ಶುರು ಮಾಡುವುದು ಕಷ್ಟವಾಗುವ ಸ್ಥಿತಿ. ಈ ಯೋಜನೆಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕೆಲಸ ನಿಭಾಯಿಸುವುದನ್ನು ಒಬ್ಬರು ಜೊತೆಗಿದ್ದು ಕಲಿಸುವ ಕೋಚಿಂಗ್ ನನ್ನ ಕೆಲಸ ಉಳಿಸಿತು. ಸಾಫ್ಟ್‌ವೇರ್‌ಗಳಲ್ಲಿ ಅರ್ಧ ಮೂಲೆ ಸೇರಿದವು. ಬ್ರಿಟನ್‌ನಲ್ಲಿ ಕೆಲಸ ಮಾಡುವ ಎಷ್ಟೋ ಕನ್ನಡಿಗರಿಗೆ ಈ ಯೋಜನೆಯ ಹೆಸರೇ ಗೊತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಯೋಜನೆ ಹೊಸದಲ್ಲ, 1994ರಿಂದ ಇದೆ. ನಡೆಸುವುದು ಸರ್ಕಾರದ ಕೆಲಸ ಮತ್ತು ಪಿಂಚಣಿ ಇಲಾಖೆ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಸಂಬಳದ ಕೆಲಸ ಇರುವ ಅಥವಾ ಸದ್ಯದಲ್ಲೇ ಸೇರಲಿರುವ, 16 ವರ್ಷ ತುಂಬಿದವರು ಅರ್ಜಿ ಹಾಕಬಹುದು. ಸ್ವಂತ ಉದ್ಯೋಗದವರಿಗೂ ಇದೆ. ಸಿಗುವುದು ಸಾಲವಲ್ಲ, ವಾಪಸ್ ಕಟ್ಟಬೇಕಿಲ್ಲ. ಡಯಾಗ್ನೋಸಿಸ್ ಕಾಗದ ಕೈಯಲ್ಲಿ ಇರಲೇಬೇಕು ಅಂತಲೂ ಇಲ್ಲ. ಎಡಿಎಚ್‌ಡಿ ತಪಾಸಣೆಗೇ ಎಷ್ಟೋ ಕಡೆ ವರ್ಷಗಟ್ಟಲೆ ಕಾಯಬೇಕು, ಅಲ್ವಾ? ಹಾಗಾಗಿ ಇದು ದೊಡ್ಡ ಅನುಕೂಲ.

"ಇದು ಅಂಗವಿಕಲರಿಗೆ ಇರೋದು, ನನಗ್ಯಾಕೆ" ಅಂದುಕೊಂಡು ನಾನು ಒಂದು ವರ್ಷ ಸುಮ್ನೆ ಕೂತಿದ್ದೆ. ಆ ವರ್ಷದ ಬಗ್ಗೆ ಈಗಲೂ ಬೇಸರವಿದೆ.

ಅರ್ಜಿಯಲ್ಲಿ ಕಾಯಿಲೆಯ ಹೆಸರಿಗಿಂತ ಕೆಲಸದಲ್ಲಿ ಏನಾಗುತ್ತಿದೆ ಅನ್ನೋದು ಮುಖ್ಯ. "ಗಮನ ನಿಲ್ಲಲ್ಲ" ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ನಾನು ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡೆ: ಬೆಳಿಗ್ಗೆ ಮೀಟಿಂಗ್‌ನಲ್ಲಿ ಒಪ್ಪಿಕೊಂಡ ಮೂರು ಕೆಲಸದಲ್ಲಿ ಎರಡು ಮಧ್ಯಾಹ್ನಕ್ಕೆ ಮರೆತಿತ್ತು. ಒಂದು ಗಂಟೆಯ ವರದಿಯನ್ನು ಶುರು ಮಾಡೋಕೇ ನಾಲ್ಕು ಗಂಟೆ ಹೋಯಿತು. ಫೋನ್‌ನಲ್ಲಿ ವಿಚಾರಿಸಿದಾಗ ಅದನ್ನೇ ಓದಿ ಹೇಳಿದೆ.

ಕಾಯುವುದಕ್ಕೆ ತಯಾರಾಗಿರಿ. ಹತ್ತಾರು ಸಾವಿರ ಅರ್ಜಿಗಳು ಸಾಲಿನಲ್ಲಿವೆ ಅಂತ ಸಂಸತ್ತಿನಲ್ಲೇ ಸರ್ಕಾರ ಹೇಳಿದೆ. ನಾಲ್ಕು ವಾರದೊಳಗೆ ಹೊಸ ಕೆಲಸ ಶುರು ಮಾಡುವವರ ಅರ್ಜಿಯನ್ನು ಮೊದಲು ನೋಡುತ್ತಾರೆ. ಆಫರ್ ಬಂದ ದಿನವೇ ಅರ್ಜಿ ಹಾಕಿಬಿಡಿ. ಮಂಜೂರಾತಿ ಪತ್ರ ಬರುವ ಮೊದಲು ಏನನ್ನೂ ಕೊಳ್ಳಬೇಡಿ. ನಾನು ಆತುರಪಟ್ಟು ಹೆಡ್‌ಫೋನ್ ತಗೊಂಡೆ, ಆ ದುಡ್ಡು ವಾಪಸ್ ಬರಲಿಲ್ಲ. ನಿಯಮವೇ ಹಾಗಿದೆ.

ದುಡ್ಡಿನ ಲೆಕ್ಕ ಸ್ವಲ್ಪ ಗಮನಿಸಿ. ಕೆಲಸಕ್ಕೆ ಸೇರಿ ಆರು ವಾರದೊಳಗೆ ಅರ್ಜಿ ಹಾಕಿದರೆ ಸಲಕರಣೆಗೆ ಕಂಪನಿ ಪಾಲು ಕೊಡಬೇಕಿಲ್ಲ. ಆಮೇಲಾದರೆ ಕಂಪನಿಯ ಗಾತ್ರ ಲೆಕ್ಕಕ್ಕೆ ಬರುತ್ತದೆ. 50ಕ್ಕಿಂತ ಕಡಿಮೆ ಜನ ಇದ್ದರೆ ಪಾಲು ಇಲ್ಲ. 250 ಅಥವಾ ಜಾಸ್ತಿ ಇದ್ದರೆ ಮೊದಲ 1,000 ಪೌಂಡ್ ಪೂರ್ತಿ ಕಂಪನಿಯದು, ಮೇಲಿನ ಮೊತ್ತದಲ್ಲಿ 10,000ದವರೆಗೆ ಶೇ. 20. ನಮ್ಮದು ದೊಡ್ಡ ಕಂಪನಿ. 1,800 ಪೌಂಡ್‌ನ ಸಾಮಾನಿಗೆ ಕಂಪನಿ 1,160 ಕೊಟ್ಟಿತು, ಯೋಜನೆಯಿಂದ ಬಂದದ್ದು 640. ನನ್ನ ಕೋಚಿಂಗ್‌ಗೆ ಮಾತ್ರ ಇಂಥ ಪಾಲು ಇರಲಿಲ್ಲ.

ಆ ಸಾಮಾನಿನಲ್ಲಿ ಮೀಟಿಂಗ್ ಟಿಪ್ಪಣಿ ಮಾಡುವ ಸಾಫ್ಟ್‌ವೇರ್ ಒಂದನ್ನು ಇಂದಿಗೂ ದಿನಾ ಬಳಸುತ್ತೇನೆ. ಮೈಂಡ್ ಮ್ಯಾಪ್ (ಯೋಚನೆಗಳನ್ನು ಚಿತ್ರದಂತೆ ಜೋಡಿಸುವುದು) ಮಾಡುವ ಸಾಫ್ಟ್‌ವೇರನ್ನು ಎರಡನೇ ತಿಂಗಳಿಗೇ ಬಿಟ್ಟೆ.

ಮೊದಲು ಸಿಕ್ಕ ಕೋಚ್ ನನಗೆ ಹೊಂದಲಿಲ್ಲ. ಪ್ರತಿ ಸಲ ಹೊಸದೊಂದು ವೇಳಾಪಟ್ಟಿ ಕೈಗಿಟ್ಟು ಕಳಿಸುತ್ತಿದ್ದರು. ನಾಲ್ಕನೇ ಸಲದ ನಂತರ ಬದಲಿಸಿಕೊಂಡೆ. ಎರಡನೆಯವರು ಕೇಳಿದ್ದು ಒಂದೇ ಪ್ರಶ್ನೆ: "ಈ ವಾರ ಯಾವ ಕೆಲಸಕ್ಕೆ ಕೈ ಹಾಕೋಕೆ ಆಗ್ತಿಲ್ಲ?" ಆಮೇಲೆ ವಿಡಿಯೋ ಕಾಲ್‌ನಲ್ಲಿ ಸುಮ್ಮನೆ ಜೊತೆಗೆ ಕೂತರು. ನಾನು ವರದಿಯ ಮೊದಲ ಪ್ಯಾರಾ ಬರೆದೆ. ಮೂರು ವಾರದಿಂದ ಬಾಕಿ ಇದ್ದ ವರದಿ ಅದು. ಅವತ್ತು ಕಣ್ಣು ತುಂಬಿ ಬಂತು.

ಮ್ಯಾನೇಜರ್ ಜೊತೆ ಮಾತಾಡುವುದನ್ನೂ ಅವರೇ ಅಭ್ಯಾಸ ಮಾಡಿಸಿದರು. ಶಾಂತವಾದ ಜಾಗ, ಬರಹದಲ್ಲಿ ಸೂಚನೆ, ಕೆಲಸದ ಸಮಯದಲ್ಲಿ ಸ್ವಲ್ಪ ಬದಲಾವಣೆ, ಇಂಥವಕ್ಕೆ ಈ ಹಣ ಬೇಕಿಲ್ಲ. ನ್ಯಾಯವಾದ ಹೊಂದಾಣಿಕೆ ಮಾಡಿಕೊಡುವುದು 2010ರ ಸಮಾನತೆ ಕಾಯ್ದೆ ಪ್ರಕಾರ ಕಂಪನಿಯ ಕರ್ತವ್ಯ. ಕೇಳಿದ ವಾರವೇ ನನಗೆ ಕಿಟಕಿ ಪಕ್ಕದ ಮೂಲೆ ಸಿಕ್ಕಿತು.

ಈಗ ಮಂಜೂರಾತಿ ಅವಧಿ ಮುಗಿಯುತ್ತಿದೆ, ಮತ್ತೆ ಅರ್ಜಿ ಹಾಕಬೇಕು. ಈ ಸಲ ಸಲಕರಣೆ ಕೇಳುವುದಿಲ್ಲ. ವಾರಕ್ಕೆ ಕೆಲವು ಗಂಟೆ ಜೊತೆಗಿದ್ದು ಕೆಲಸ ಜೋಡಿಸಿಕೊಡುವ ಸಹಾಯಕರನ್ನು ಕೇಳುತ್ತೇನೆ. ಎರಡು ವಾರದ ಪುಸ್ತಕ ಬರೆಯಲು ನಿನ್ನೆಯಿಂದ ಶುರು ಮಾಡಿದ್ದೇನೆ.